ರಾಷ್ಟ್ರಪತಿ ಚುನಾವಣೆಯ ಲೆಕ್ಕ ತಪ್ಪದ ಹಾಗೆ: ಮತಮೌಲ್ಯದಿಂದ ಕೊನೆಯ ಸುತ್ತಿನ ಎಣಿಕೆವರೆಗೆ

ಕರ್ನಾಟಕದ ಶಾಸಕರೊಬ್ಬರ ಮತದ ಮೌಲ್ಯ ಎಷ್ಟು ಎಂದು ಲೆಕ್ಕ ಹಾಕಲು ಕೊಟ್ಟರೆ ನನಗೆ ಸಿಗುವ ಉತ್ತರಗಳು ನಾಲ್ಕು ಬಗೆ: 131, 130, 273, 98. ಸರಿಯಾದದ್ದು 131. 273 ಬರೆದವರು 2011ರ ಜನಗಣತಿ ಹಿಡಿದಿದ್ದಾರೆ. 98 ಬರೆದವರು ವಿಧಾನ ಪರಿಷತ್ತಿನ 75 ಜನರನ್ನೂ ಸೇರಿಸಿ ಭಾಗಿಸಿದ್ದಾರೆ. 130 ಬರೆದವರಲ್ಲಿ ಕೆಲವರು ಶೇಷವನ್ನು ಕೈಬಿಟ್ಟಿದ್ದಾರೆ, ಇನ್ನು ಕೆಲವರು ಹಳೆಯ ಪುಸ್ತಕ ನೋಡಿ 224ರ ಬದಲು 225ರಿಂದ ಭಾಗಿಸಿದ್ದಾರೆ. ಭಾಗಾಕಾರ ಎಲ್ಲರಿಗೂ ಬರುತ್ತದೆ. ಎಡವಿರುವುದು ಯಾವ ಸಂಖ್ಯೆ ತೆಗೆದುಕೊಳ್ಳಬೇಕು, ಯಾವುದನ್ನು ಮೊದಲು ಮಾಡಬೇಕು ಎಂಬಲ್ಲಿ.

ಎಡವುವವರು ವಿದ್ಯಾರ್ಥಿಗಳಷ್ಟೇ ಅಲ್ಲ. 2022ರ ಜುಲೈ 18ರಂದು ನಡೆದ ರಾಷ್ಟ್ರಪತಿ ಚುನಾವಣೆಯಲ್ಲಿ 4,754 ಮತಗಳು ಬಿದ್ದವು, 53 ಅಸಿಂಧುವಾದವು. ಅವುಗಳಲ್ಲಿ 15 ಸಂಸದರ ಮತಗಳು. 2017ರಲ್ಲಿ ಅಸಿಂಧುವಾದವು 77. ಮತ ಗುಪ್ತ. ಹಾಗಾಗಿ ಯಾರದ್ದು ಕೆಟ್ಟಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ, ಕರೆದು ತಿದ್ದಿಸಲೂ ಆಗುವುದಿಲ್ಲ. ಪೆಟ್ಟಿಗೆಗೆ ಬಿದ್ದ ಮೇಲೆ ಆ ತಪ್ಪು ಹಾಗೆಯೇ ಉಳಿಯುತ್ತದೆ. ಈ ಬರಹ ಪರೀಕ್ಷೆಗೆ ಓದುವವರಿಗೆ, ಕಾಲೇಜಿನಲ್ಲಿ ಅಣಕು ಚುನಾವಣೆ ನಡೆಸುವ ಮೇಷ್ಟ್ರುಗಳಿಗೆ, ಮೊದಲ ಸಲ ಗೆದ್ದ ಶಾಸಕರ ಆಪ್ತ ಸಹಾಯಕರಿಗೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ. ಮೂರನೆಯ ಹಂತದ ಲೆಕ್ಕ ಎರಡನೆಯದರ ಉತ್ತರವಿಲ್ಲದೆ ಆಗುವುದಿಲ್ಲ, ಏಳನೆಯದು ಆರನೆಯದು ಮುಗಿಯದೆ ಆಗುವುದಿಲ್ಲ.

ಮೊದಲು ಕೈಗೆ ಇಟ್ಟುಕೊಳ್ಳಬೇಕಾದ್ದು

1971ರ ಜನಗಣತಿಯ ರಾಜ್ಯವಾರು ಜನಸಂಖ್ಯೆ. ಪ್ರತಿ ವಿಧಾನಸಭೆಯ ಚುನಾಯಿತ ಸ್ಥಾನಗಳ ಸಂಖ್ಯೆ. ದಶಮಾಂಶ ತೋರಿಸುವ ಕ್ಯಾಲ್ಕುಲೇಟರ್. ಗೆರೆ ಹಾಕಿದ ಒಂದು ನೋಟ್‌ಬುಕ್.

ಅಣಕು ಚುನಾವಣೆ ಮಾಡುವವರಾದರೆ ಹಸಿರು ಮತ್ತು ಗುಲಾಬಿ ಬಣ್ಣದ ಹಾಳೆಗಳೂ ಬೇಕು. ನಿಜವಾದ ಚುನಾವಣೆಯಲ್ಲಿ ಸಂಸದರ ಮತಪತ್ರ ಹಸಿರು, ಶಾಸಕರದ್ದು ಗುಲಾಬಿ. ಇದು ಅಂದಕ್ಕೆ ಮಾಡಿದ್ದಲ್ಲ. ಪತ್ರದ ಮೇಲೆ ಮತ ಹಾಕಿದವರ ಹೆಸರು ಇರುವುದಿಲ್ಲ, ಆದರೆ ಅದರ ಮೌಲ್ಯ ಎಷ್ಟೆಂದು ಎಣಿಸುವವರಿಗೆ ತಿಳಿಯಲೇಬೇಕು. ಬಣ್ಣ ಬೇರೆ ಮಾಡುವುದನ್ನು ಬಿಟ್ಟು ಒಂದೇ ಬಿಳಿ ಹಾಳೆಯಲ್ಲಿ ಅಣಕು ಚುನಾವಣೆ ನಡೆಸಿ, ಕೊನೆಗೆ ಯಾವ ಚೀಟಿಗೆ ಎಷ್ಟು ಬೆಲೆ ಎಂದು ಗೊತ್ತಾಗದೆ ಕೂತ ತರಗತಿಗಳನ್ನು ನಾನು ಕಂಡಿದ್ದೇನೆ. ಗುಲಾಬಿ ಹಾಳೆಗಳನ್ನು ರಾಜ್ಯವಾರು ಬೇರೆಬೇರೆ ಲಕೋಟೆಗಳಲ್ಲಿ ಇಡಿ. ಎಣಿಸಿ ಮುಗಿಯುವ ತನಕ ಬೆರೆಸಬೇಡಿ.

ಹಂತ 1: ಮತ ಹಾಕುವವರು ಯಾರು ಎಂದು ಗೆರೆ ಎಳೆಯಿರಿ

ಸಂವಿಧಾನದ 54ನೇ ವಿಧಿಯಲ್ಲಿ ಕಣ್ಣಿಡಬೇಕಾದ ಪದ ಒಂದೇ: ಚುನಾಯಿತ. ಲೋಕಸಭೆಯ 543, ರಾಜ್ಯಸಭೆಯ ಚುನಾಯಿತ 233, ಒಟ್ಟು 776 ಸಂಸದರು. ಅವರ ಜೊತೆಗೆ ರಾಜ್ಯಗಳ ವಿಧಾನಸಭೆಗಳ ಚುನಾಯಿತ ಸದಸ್ಯರು, ದೆಹಲಿ ಮತ್ತು ಪುದುಚೇರಿ ವಿಧಾನಸಭೆಗಳ ಚುನಾಯಿತ ಸದಸ್ಯರು.

ಹೊರಗುಳಿಯುವವರು: ರಾಜ್ಯಸಭೆಗೆ ನಾಮಕರಣಗೊಂಡ 12 ಜನ, ಪುದುಚೇರಿ ವಿಧಾನಸಭೆಗೆ ನಾಮಕರಣಗೊಂಡವರು, ಎಲ್ಲ ರಾಜ್ಯಗಳ ವಿಧಾನ ಪರಿಷತ್ ಸದಸ್ಯರು. ಕರ್ನಾಟಕದಲ್ಲಿ ಈ ಕೊನೆಯ ತಪ್ಪು ಹೆಚ್ಚು, ಏಕೆಂದರೆ ವಿಧಾನಸೌಧ ಎಂದೊಡನೆ ಎರಡೂ ಸದನ ನಮ್ಮ ಕಣ್ಣಿಗೆ ಬರುತ್ತವೆ. ಪರಿಷತ್ ಸದಸ್ಯರು ಮಂತ್ರಿಯಾಗಬಹುದು, ಮುಖ್ಯಮಂತ್ರಿಯೂ ಆಗಬಹುದು. ರಾಷ್ಟ್ರಪತಿ ಚುನಾವಣೆಯಲ್ಲಿ ಮಾತ್ರ ಅವರಿಗೆ ಮತವಿಲ್ಲ.

225ರ ಸಮಾಚಾರ ಹೀಗೆ. ಹಿಂದೆ ನಮ್ಮ ವಿಧಾನಸಭೆಗೆ ಆಂಗ್ಲೋ ಇಂಡಿಯನ್ ಸಮುದಾಯದಿಂದ ಒಬ್ಬರನ್ನು ನಾಮಕರಣ ಮಾಡುತ್ತಿದ್ದರು. 2020ರಲ್ಲಿ ಆ ಪದ್ಧತಿ ನಿಂತಿತು. ಇದ್ದಾಗಲೂ ಅವರು ಈ ಲೆಕ್ಕಕ್ಕೆ ಬರುತ್ತಿರಲಿಲ್ಲ. 224 ಎಂದೇ ಹಿಡಿಯಿರಿ.

ಉಪರಾಷ್ಟ್ರಪತಿ ಚುನಾವಣೆಯನ್ನು ಇದರೊಂದಿಗೆ ಕಲಸಬೇಡಿ. ಅಲ್ಲಿ ಸಂಸತ್ತು ಮಾತ್ರ ಮತ ಹಾಕುತ್ತದೆ, ನಾಮಕರಣಗೊಂಡವರಿಗೂ ಹಕ್ಕಿದೆ, ಪ್ರತಿ ಮತದ ಬೆಲೆ ಒಂದೇ. 2025ರ ಸೆಪ್ಟೆಂಬರ್ 9ರಂದು ಹಾಗೆ ನಡೆದ ಚುನಾವಣೆಯಲ್ಲಿ 767 ಮತಗಳು ಬಿದ್ದು 15 ಅಸಿಂಧುವಾದವು, 452 ಮತ ಪಡೆದು ಸಿ.ಪಿ. ರಾಧಾಕೃಷ್ಣನ್ ಗೆದ್ದರು. ಮತಮೌಲ್ಯದ ಗೊಡವೆಯಿಲ್ಲದ ಕಡೆಯಲ್ಲೂ ಹದಿನೈದು ಮತಗಳು ಕೆಟ್ಟವು ಎನ್ನುವುದನ್ನು ಐದನೆಯ ಹಂತಕ್ಕೆ ಬಂದಾಗ ನೆನಪಿಸಿಕೊಳ್ಳಿ.

ಹಂತ 2: ಶಾಸಕರ ಮತಮೌಲ್ಯ

ರಾಜ್ಯದ ಜನಸಂಖ್ಯೆಯನ್ನು ವಿಧಾನಸಭೆಯ ಚುನಾಯಿತ ಸ್ಥಾನಗಳಿಂದ ಭಾಗಿಸಿ. ಬಂದದ್ದನ್ನು 1,000ದಿಂದ ಭಾಗಿಸಿ. ಶೇಷ 500 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದು ಸೇರಿಸಿ, ಕಡಿಮೆಯಿದ್ದರೆ ಬಿಟ್ಟುಬಿಡಿ.

ಕರ್ನಾಟಕ: 1971ರ ಜನಸಂಖ್ಯೆ 2,92,99,014. 224ರಿಂದ ಭಾಗಿಸಿದರೆ 1,30,799. ಸಾವಿರದಿಂದ ಭಾಗಿಸಿದರೆ 130, ಶೇಷ 799. ಅದು 500 ದಾಟಿದೆ, ಆದ್ದರಿಂದ 131. ರಾಜ್ಯದ ಒಟ್ಟು ಮೌಲ್ಯ 131 × 224 = 29,344.

ಕೇರಳ: 2,13,47,375ನ್ನು 140ರಿಂದ ಭಾಗಿಸಿದರೆ 1,52,481. ಶೇಷ 481. ಹತ್ತೊಂಬತ್ತು ಕಡಿಮೆಯಾಯಿತು, ಹಾಗಾಗಿ 152ಕ್ಕೇ ನಿಂತಿತು. ಕರ್ನಾಟಕ, ಕೇರಳ ಎರಡನ್ನೂ ಪಕ್ಕಪಕ್ಕ ಮಾಡಿ ನೋಡಿದವರು ಶೇಷದ ನಿಯಮವನ್ನು ಮತ್ತೆ ಮರೆಯುವುದಿಲ್ಲ.

ಉತ್ತರ ಪ್ರದೇಶದ ಶಾಸಕರದ್ದು 208, ದೇಶದಲ್ಲೇ ಹೆಚ್ಚು. ಸಿಕ್ಕಿಮಿನವರದ್ದು 7. ತಮಿಳುನಾಡಿನದು 176, ಮಹಾರಾಷ್ಟ್ರದ್ದು 175, ಗೋವಾದ್ದು 20.

1971ರದ್ದೇ ಏಕೆ? ಜನಸಂಖ್ಯೆ ಹತೋಟಿಗೆ ತಂದ ರಾಜ್ಯಗಳಿಗೆ ಮತಬಲದಲ್ಲಿ ನಷ್ಟವಾಗಬಾರದೆಂದು ಸಂವಿಧಾನ ಆ ಅಂಕಿಗೆ ಬೀಗ ಹಾಕಿದೆ. 2026ರ ನಂತರ ನಡೆಯುವ ಮೊದಲ ಜನಗಣತಿಯ ಅಂಕಿಗಳು ಪ್ರಕಟವಾಗುವ ತನಕ ಆ ಬೀಗ ತೆಗೆಯುವಂತಿಲ್ಲ. ಅಂತರ್ಜಾಲದಲ್ಲಿ ಥಟ್ಟನೆ ಸಿಗುವ ಜನಸಂಖ್ಯೆ ಹೊಸದು, ಬೇಕಿರುವುದು ಹಳೆಯದು. ಕರ್ನಾಟಕಕ್ಕೆ ನೂರ ಮೂವತ್ತೊಂದರ ಬದಲು ಇನ್ನೂರು ದಾಟಿದ ಉತ್ತರ ಬಂದರೆ ಭಾಗಾಕಾರ ಮತ್ತೆ ಮಾಡಬೇಡಿ, ಜನಗಣತಿಯ ವರ್ಷ ನೋಡಿ.

ಹಳೆಯ ಕೋಷ್ಟಕಗಳ ಬಗ್ಗೆಯೂ ಎಚ್ಚರ ಬೇಕು. ಆಂಧ್ರಪ್ರದೇಶಕ್ಕೆ 148 ಎಂದು ಅಚ್ಚಾಗಿದ್ದರೆ ಅದು ರಾಜ್ಯ ಒಡೆಯುವುದಕ್ಕೆ ಮುಂಚಿನದು. ಈಗ ಆಂಧ್ರದ್ದು 159, ತೆಲಂಗಾಣದ್ದು 132. ಆ ಒಂದು ಸಾಲು ನೋಡಿದರೆ ಸಾಕು, ಇಡೀ ಕೋಷ್ಟಕ ಯಾವ ಕಾಲದ್ದೆಂದು ತಿಳಿಯುತ್ತದೆ.

ಹಂತ 3: ಸಂಸದರ ಮತಮೌಲ್ಯ

ಎಲ್ಲ ರಾಜ್ಯಗಳ ಒಟ್ಟು ಮೌಲ್ಯವನ್ನು ಕೂಡಿ 776ರಿಂದ ಭಾಗಿಸಿ. 2022ರಲ್ಲಿ ಶಾಸಕರ ಒಟ್ಟು ಮೌಲ್ಯ 5,43,231 ಇತ್ತು. ಭಾಗಿಸಿದರೆ 700.04. ಆದ್ದರಿಂದ 700. ಸಂಸದರ ಒಟ್ಟು 5,43,200. ಎರಡು ಗುಂಪುಗಳೂ ಹೆಚ್ಚುಕಡಿಮೆ ಸಮನಾಗಬೇಕು ಎನ್ನುವುದೇ ಈ ಲೆಕ್ಕದ ಗುರಿ, ಹಾಗಾಗಿ ತಾಳೆಯೂ ಅದೇ. ನಿಮ್ಮ ಎರಡು ಮೊತ್ತಗಳ ನಡುವೆ ಕೆಲವು ನೂರಕ್ಕಿಂತ ಹೆಚ್ಚು ಅಂತರ ಬಂದರೆ ಭಾಗಾಕಾರದಲ್ಲೋ ಗುಣಾಕಾರದಲ್ಲೋ ತಪ್ಪಾಗಿದೆ.

ಇಲ್ಲಿ ಸಣ್ಣದೊಂದು ಮುಳ್ಳಿದೆ. ಶಾಸಕರ ಲೆಕ್ಕದಲ್ಲಿ ಶೇಷ ಸರಿಯಾಗಿ 500 ಇದ್ದರೂ ಒಂದು ಸೇರುತ್ತದೆ. ಸಂಸದರ ಲೆಕ್ಕದಲ್ಲಿ ಭಿನ್ನರಾಶಿ ಅರ್ಧವನ್ನು ಮೀರಿದರೆ ಮಾತ್ರ ಸೇರುತ್ತದೆ. ಸರಿಯಾಗಿ ಅರ್ಧ ಬಂದರೆ ಬಿಡಬೇಕು. ನಿಜವಾದ ಚುನಾವಣೆಯಲ್ಲಿ ಇದು ಎದುರಾಗುವುದು ಅಪರೂಪ, ತರಗತಿಯ ಸಣ್ಣ ಅಂಕಿಗಳಲ್ಲಿ ಆಗಾಗ ಎದುರಾಗುತ್ತದೆ.

2017ರ ಕೋಷ್ಟಕದಲ್ಲಿ ಸಂಸದರ ಮೌಲ್ಯ 708 ಎಂದಿರುತ್ತದೆ. ಜಮ್ಮು ಕಾಶ್ಮೀರದ 6,264 ಆಗ ಸೇರಿತ್ತು, 2022ರಲ್ಲಿ ಅಲ್ಲಿ ವಿಧಾನಸಭೆಯೇ ಇರಲಿಲ್ಲ. ಎಲ್ಲೋ ಒಂದು ವಿಧಾನಸಭೆ ಇಲ್ಲವಾದಾಗ ಕರ್ನಾಟಕದ 131ಕ್ಕೆ ಏನೂ ಆಗುವುದಿಲ್ಲ, ಸಂಸದರ ಅಂಕಿ ಮಾತ್ರ ಇಳಿಯುತ್ತದೆ. ಆದ್ದರಿಂದ 700 ಅಥವಾ 708 ಎಂದು ಬಾಯಿಪಾಠ ಮಾಡುವುದರಲ್ಲಿ ಅರ್ಥವಿಲ್ಲ. ಪ್ರತಿ ಚುನಾವಣೆಗೂ ಹೊಸದಾಗಿ ಭಾಗಿಸಬೇಕು.

ಖಾಲಿ ಸ್ಥಾನಗಳ ಪ್ರಶ್ನೆ ಯಾವಾಗಲೂ ಬರುತ್ತದೆ. ಯಾರೋ ತೀರಿಕೊಂಡಿದ್ದಾರೆ, ಯಾರೋ ರಾಜೀನಾಮೆ ಕೊಟ್ಟಿದ್ದಾರೆ, ಕಳೆಯಬೇಕೇ? 2022ರಲ್ಲಿ ರಾಜ್ಯಸಭೆಯ ಕೆಲವು ಸ್ಥಾನಗಳು ಖಾಲಿ ಇದ್ದಾಗಲೂ ಭಾಗಿಸಿದ್ದು 776ರಿಂದಲೇ. ಮತ ಹಾಕುವವರ ಮಂಡಳಿಯಲ್ಲಿ ಸ್ಥಾನ ಖಾಲಿಯಿದೆ ಎಂಬ ಕಾರಣಕ್ಕೆ ಚುನಾವಣೆಯನ್ನು ಪ್ರಶ್ನಿಸುವಂತಿಲ್ಲ ಎಂದು 71ನೇ ವಿಧಿ ಹೇಳುತ್ತದೆ.

ಹಂತ 4: ನಾಮಪತ್ರ

ಅಭ್ಯರ್ಥಿಗೆ 35 ವರ್ಷ ತುಂಬಿರಬೇಕು, ಲೋಕಸಭೆಗೆ ಸ್ಪರ್ಧಿಸುವ ಅರ್ಹತೆ ಇರಬೇಕು. 50 ಮತದಾರರು ಸೂಚಕರಾಗಿ, ಇನ್ನೂ 50 ಮತದಾರರು ಅನುಮೋದಕರಾಗಿ ಸಹಿ ಹಾಕಬೇಕು. ಠೇವಣಿ 15,000 ರೂಪಾಯಿ. ತಮ್ಮ ಹೆಸರು ಇರುವ ಲೋಕಸಭಾ ಕ್ಷೇತ್ರದ ಮತದಾರರ ಪಟ್ಟಿಯ ದೃಢೀಕೃತ ಪ್ರತಿ ಜೊತೆಗಿರಬೇಕು.

ಒಬ್ಬ ಮತದಾರ ಒಂದೇ ನಾಮಪತ್ರಕ್ಕೆ ಸಹಿ ಮಾಡಬಹುದು. ಎರಡಕ್ಕೆ ಮಾಡಿದ್ದರೆ ಮೊದಲು ಸಲ್ಲಿಕೆಯಾದದ್ದರಲ್ಲಿ ಮಾತ್ರ ಆ ಸಹಿಗೆ ಬೆಲೆ. ಸರಿಯಾಗಿ ಐವತ್ತೇ ಸಹಿ ಹಾಕಿಸಿ ತಂದವರ ಪಾಡು ಇಲ್ಲಿ ಕಷ್ಟವಾಗುತ್ತದೆ, ಒಂದು ಸಹಿ ಬಿದ್ದರೆ ನಾಮಪತ್ರವೇ ಬೀಳುತ್ತದೆ.

ದಿನಗಳ ಲೆಕ್ಕ ಹೀಗಿರುತ್ತದೆ: ಅಧಿಸೂಚನೆಯಿಂದ 14ನೇ ದಿನ ನಾಮಪತ್ರಕ್ಕೆ ಕೊನೆ, ಮರುದಿನ ಪರಿಶೀಲನೆ, ಪರಿಶೀಲನೆಯ ನಂತರದ ಎರಡನೇ ದಿನ ಹಿಂಪಡೆಯಲು ಕೊನೆ, ಅದಾದ ಮೇಲೆ 15ನೇ ದಿನಕ್ಕಿಂತ ಮುಂಚೆ ಮತದಾನವಿಲ್ಲ. 2022ರಲ್ಲಿ ಜೂನ್ 15, 29, 30, ಜುಲೈ 2, ಕೊನೆಗೆ ಜುಲೈ 18. ನಡುವೆ ಬರುವ ರಜೆಗಳನ್ನು ಗಮನಿಸಿ.

ಹಂತ 5: ಮತಪತ್ರದಲ್ಲಿ ಗುರುತು ಹಾಕುವುದು

ಇಡೀ ಚುನಾವಣೆಯಲ್ಲಿ ಅತಿ ಹೆಚ್ಚು ನಿಧಾನ ಬೇಕಾಗುವುದು ಇಲ್ಲಿ.

ಸಂಸದರು ಸಂಸತ್ ಭವನದಲ್ಲಿ, ಶಾಸಕರು ತಮ್ಮ ರಾಜ್ಯದ ವಿಧಾನಸಭೆಯಲ್ಲಿ ಮತ ಹಾಕುತ್ತಾರೆ. ಬೇರೆ ಕಡೆ ಹಾಕಬೇಕಿದ್ದರೆ ಹತ್ತು ದಿನ ಮೊದಲೇ ಚುನಾವಣಾ ಆಯೋಗಕ್ಕೆ ತಿಳಿಸಿ ಒಪ್ಪಿಗೆ ಪಡೆದಿರಬೇಕು. ಆಪ್ತ ಸಹಾಯಕರು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಬೇಕಾದ ದಿನ ಅದು, ಮತದಾನದ ದಿನವಲ್ಲ.

ಮತಪತ್ರದಲ್ಲಿ ಎರಡು ಅಂಕಣ. ಒಂದರಲ್ಲಿ ಅಭ್ಯರ್ಥಿಗಳ ಹೆಸರು, ಇನ್ನೊಂದು ಖಾಲಿ. ಚಿಹ್ನೆಯಿಲ್ಲ, ನೋಟಾ ಇಲ್ಲ. ಖಾಲಿ ಅಂಕಣದಲ್ಲಿ ಪ್ರಾಶಸ್ತ್ಯದ ಅಂಕಿ ಬರೆಯಬೇಕು. ಪದವೀಧರ ಅಥವಾ ಶಿಕ್ಷಕರ ಕ್ಷೇತ್ರದಿಂದ ಪರಿಷತ್ತಿಗೆ ಮತ ಹಾಕಿದವರಿಗೆ ಈ ಪತ್ರ ಹೊಸದೆನಿಸುವುದಿಲ್ಲ.

ಒಂದೊಂದಾಗಿ ಮಾಡಿ:

1. ಮತಪತ್ರದ ಜೊತೆಗೆ ಕೊಟ್ಟ ಪೆನ್ನನ್ನೇ ಬಳಸಿ. ನೇರಳೆ ಶಾಯಿಯ ಆ ಪೆನ್ನನ್ನು ಆಯೋಗವೇ ಒದಗಿಸುತ್ತದೆ. ಸ್ವಂತ ಪೆನ್ನು ಜೇಬಿನಲ್ಲಿದ್ದರೆ ಕೈ ತಂತಾನೇ ಅದರತ್ತ ಹೋಗುತ್ತದೆ. ಒಳಗೆ ಹೋಗುವ ಮುಂಚೆ ಹೊರಗೇ ಕೊಟ್ಟುಬಿಡುವುದು ಒಳ್ಳೆಯದು. ಬೇರೆ ಶಾಯಿ ಕಂಡರೆ ಮತ ಹಾಕಿದವರನ್ನು ಗುರುತಿಸಬಹುದು ಎಂಬ ಕಾರಣಕ್ಕೆ ಪತ್ರ ಅಸಿಂಧು. 2016ರಲ್ಲಿ ಹರಿಯಾಣದ ರಾಜ್ಯಸಭಾ ಚುನಾವಣೆಯಲ್ಲಿ ಪೆನ್ನು ಬೇರೆಯಾಯಿತೆಂದು ಹಲವು ಶಾಸಕರ ಮತಗಳು ತಿರಸ್ಕೃತವಾಗಿ ಫಲಿತಾಂಶವೇ ತಿರುಗಿತು.

2. ಮೊದಲ ಆಯ್ಕೆಯ ಹೆಸರಿನ ಎದುರು 1 ಎಂದು ಬರೆಯಿರಿ. ಅಂಕಿ ಆ ಸಾಲಿನೊಳಗೇ ಇರಲಿ. ಎರಡು ಸಾಲುಗಳ ನಡುವಿನ ಗೆರೆಯ ಮೇಲೆ ಕೂತ 1 ಯಾರಿಗೂ ಸಲ್ಲುವುದಿಲ್ಲ.

3. ಮಿಕ್ಕವರಿಗೆ 2, 3, 4 ಎಂದು ಬರೆಯುವುದು ನಿಮ್ಮ ಇಷ್ಟ. 1 ಮಾತ್ರ ಕಡ್ಡಾಯ.

4. ಮಡಚಿ ಪೆಟ್ಟಿಗೆಗೆ ಹಾಕಿ, ಪೆನ್ನು ಹಿಂದಿರುಗಿಸಿ. ಯಾರಿಗೂ ತೋರಿಸಬೇಡಿ.

ಅಂಕಿಯನ್ನು ಮೂರು ರೂಪದಲ್ಲಿ ಬರೆಯಬಹುದು: 1 ಎಂಬ ಸಾಮಾನ್ಯ ರೂಪ, ರೋಮನ್ ರೂಪ, ಅಥವಾ ಯಾವುದೇ ಭಾರತೀಯ ಭಾಷೆಯ ಅಂಕಿ. ಅಂದರೆ ಕನ್ನಡದ ೧ ಸಂಪೂರ್ಣ ಸಿಂಧು. ‘ಒಂದು’ ಎಂದು ಅಕ್ಷರದಲ್ಲಿ ಬರೆದರೆ ಅಸಿಂಧು. ಕನ್ನಡ ಅಂಕಿಯಲ್ಲಿ ಬರೆಯುವ ಶಾಸಕರನ್ನು ಕಂಡರೆ ನನಗೆ ಪ್ರೀತಿ. ಆದರೆ ಪತ್ರಗಳು ಎಣಿಕೆಗೆ ದೆಹಲಿಗೆ ಹೋಗುತ್ತವೆ, ಅವಸರದಲ್ಲಿ ಬರೆದ ೧ ಪರಭಾಷಿಕರ ಕಣ್ಣಿಗೆ ಸೊನ್ನೆಯ ಹಾಗೆ ಕಾಣುವುದುಂಟು. ಬರೆಯುವುದಾದರೆ ಬಾಯಿ ತೆರೆದು ಸ್ಪಷ್ಟವಾಗಿ ಬರೆಯಿರಿ.

ತೋರಿಸುವ ವಿಷಯದಲ್ಲಿ ಅನುಭವಿ ಶಾಸಕರಿಗೇ ಗೊಂದಲವಾಗುತ್ತದೆ. ರಾಜ್ಯಸಭಾ ಚುನಾವಣೆಯಲ್ಲಿ ಪಕ್ಷದ ಶಾಸಕರು ಗುರುತು ಹಾಕಿದ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಲೇಬೇಕು, ತೋರಿಸದಿದ್ದರೆ ಮತ ರದ್ದು. ರಾಷ್ಟ್ರಪತಿ ಚುನಾವಣೆಯಲ್ಲಿ ಯಾರಿಗಾದರೂ ತೋರಿಸಿದರೆ ಮತ ರದ್ದು. ಅದೇ ವಿಧಾನಸೌಧ, ಅದೇ ಶಾಸಕರು, ನಿಯಮ ಮಾತ್ರ ತದ್ವಿರುದ್ಧ. ರಾಜ್ಯಸಭಾ ಚುನಾವಣೆ ಮುಗಿದು ಕೆಲವೇ ವಾರಗಳಲ್ಲಿ ರಾಷ್ಟ್ರಪತಿ ಚುನಾವಣೆ ಬಂದಾಗ ಕೈಗೆ ಹಳೆಯ ರೂಢಿಯೇ ನೆನಪಿರುತ್ತದೆ.

ಪಕ್ಷಗಳು ವಿಪ್ ಕೊಡುವಂತಿಲ್ಲ. ಅಡ್ಡಮತ ಹಾಕಿದರೆ ಪಕ್ಷಾಂತರ ನಿಷೇಧ ಕಾಯ್ದೆ ಅನ್ವಯಿಸುವುದಿಲ್ಲ, ಏಕೆಂದರೆ ಇದು ಸದನದ ಕಲಾಪವಲ್ಲ. ಸಂವಿಧಾನ ಗುಪ್ತ ಮತದಾನ ಎಂದು ಬರೆದಿರುವುದೂ ಇದಕ್ಕೇ, ಸದಸ್ಯರು ಪಕ್ಷದ ಮುಖ ನೋಡದೆ ಗುರುತು ಹಾಕಲಿ ಎಂದು.

ಹಂತ 6: ಸಿಂಧು, ಅಸಿಂಧು ಬೇರ್ಪಡಿಸುವುದು

ಪೆಟ್ಟಿಗೆಗಳು ವಿಮಾನದಲ್ಲಿ ದೆಹಲಿಗೆ ಬರುತ್ತವೆ. 2022ರಲ್ಲಿ ‘ಮಿಸ್ಟರ್ ಬ್ಯಾಲೆಟ್ ಬಾಕ್ಸ್’ ಎಂಬ ಹೆಸರಿನಲ್ಲಿ ಪ್ರತ್ಯೇಕ ಟಿಕೆಟ್ ತೆಗೆಸಿ, ಅಧಿಕಾರಿಯ ಪಕ್ಕದ ಸೀಟಿನಲ್ಲೇ ಕೂರಿಸಿಕೊಂಡು ತಂದಿದ್ದರು. ಎಣಿಕೆ ಸಂಸತ್ ಭವನದಲ್ಲಿ. ಲೋಕಸಭೆ, ರಾಜ್ಯಸಭೆಗಳ ಮಹಾ ಕಾರ್ಯದರ್ಶಿಗಳು ಸರದಿಯಂತೆ ಚುನಾವಣಾಧಿಕಾರಿ ಆಗುತ್ತಾರೆ.

ಎಣಿಸುವ ಮುಂಚೆ ಪ್ರತಿ ಪತ್ರಕ್ಕೂ ನಾಲ್ಕು ಪ್ರಶ್ನೆ ಕೇಳಿ. 1 ಎಂಬ ಅಂಕಿ ಇದೆಯೇ? ಅದು ಒಬ್ಬರ ಎದುರು ಮಾತ್ರ, ಅನುಮಾನವಿಲ್ಲದ ಹಾಗೆ ಇದೆಯೇ? ಅದೇ ಹೆಸರಿನ ಎದುರು 1ರ ಜೊತೆ ಬೇರೆ ಅಂಕಿಯೂ ಇದೆಯೇ? ಮತ ಹಾಕಿದವರನ್ನು ಗುರುತಿಸುವಂಥ ಸಹಿ, ಹೆಸರು, ಗೀಟು ಇದೆಯೇ? ಮೊದಲೆರಡಕ್ಕೆ ಹೌದು, ಕೊನೆಯ ಎರಡಕ್ಕೆ ಇಲ್ಲ ಎಂದು ಬಂದರೆ ಸಿಂಧು.

ಬರಿಯ ಸರಿ ಗುರುತು ಹಾಕಿದ ಪತ್ರ ಅಸಿಂಧು. ಒಬ್ಬರೇ ಒಬ್ಬರಿಗೆ 2 ಎಂದು ಬರೆದು ಬೇರೇನೂ ಬರೆಯದ ಪತ್ರ ಅಸಿಂಧು. 1 ಬರೆದು, 2ನ್ನು ಇಬ್ಬರಿಗೆ ಬರೆದ ಪತ್ರ? ಇಲ್ಲಿ ಬಹಳ ಜನ ಅವಸರ ಮಾಡಿ ಎಸೆಯುತ್ತಾರೆ. ಅದು ಸಿಂಧು. ಮೊದಲ ಪ್ರಾಶಸ್ತ್ಯ ಸ್ಪಷ್ಟವಾಗಿದೆ, ಮೊದಲ ಸುತ್ತಿನಲ್ಲಿ ಪೂರ್ಣ ಬೆಲೆ ಸಿಗಬೇಕು. 1, 3 ಎಂದು ಬರೆದು 2ನ್ನು ಬಿಟ್ಟ ಪತ್ರವೂ ಹಾಗೆಯೇ. ಅವುಗಳ ದೋಷ ಕಾಣಿಸಿಕೊಳ್ಳುವುದು ವರ್ಗಾವಣೆಯ ಹೊತ್ತಿನಲ್ಲಿ, ಅದೂ ವರ್ಗಾವಣೆ ನಡೆದರೆ.

ಅಸಿಂಧು ಮತದ ಬೆಲೆ ಎಷ್ಟೆಂದು ಒಮ್ಮೆ ಕೂಡಿ ನೋಡಿ. 2022ರಲ್ಲಿ ಕೆಟ್ಟ 15 ಸಂಸದರ ಮತಗಳ ಮೌಲ್ಯ 10,500. ಕರ್ನಾಟಕದ 80 ಶಾಸಕರು ಒಟ್ಟಾಗಿ ಹಾಕಿದರೂ ಆಗುವುದು 10,480. ಹದಿನೈದು ಕೈಗಳ ಅಜಾಗ್ರತೆ ನಮ್ಮ ವಿಧಾನಸಭೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನ ಮತಬಲವನ್ನು ಅಳಿಸಿಹಾಕಿತು. ಲಕ್ಷಾಂತರ ಜನ ಸಾಲಿನಲ್ಲಿ ನಿಂತು ಆರಿಸಿ ಕಳಿಸಿದವರು ಒಂದು ಅಂಕಿ ಸರಿಯಾಗಿ ಬರೆಯಲಿಲ್ಲ ಎನ್ನುವುದು ನನಗೆ ಇಂದಿಗೂ ನೋವಿನ ಸಂಗತಿ.

ಹಂತ 7: ಕೋಟಾ

ಸಿಂಧುವಾದ ಮತಗಳ ಒಟ್ಟು ಮೌಲ್ಯವನ್ನು ಎರಡರಿಂದ ಭಾಗಿಸಿ, ಶೇಷ ಬಿಟ್ಟು, ಒಂದು ಸೇರಿಸಿ. ಗೆಲ್ಲಲು ಬೇಕಾದದ್ದು ಅಷ್ಟು.

2022ರಲ್ಲಿ ಸಿಂಧು ಮತಗಳ ಮೌಲ್ಯ 10,56,980. ಅರ್ಧ 5,28,490, ಒಂದು ಸೇರಿಸಿದರೆ 5,28,491. ದ್ರೌಪದಿ ಮುರ್ಮು ಅವರಿಗೆ 2,824 ಪತ್ರಗಳಿಂದ 6,76,803, ಯಶವಂತ ಸಿನ್ಹಾ ಅವರಿಗೆ 1,877 ಪತ್ರಗಳಿಂದ 3,80,177. ಮೊದಲ ಸುತ್ತಿಗೇ ಮುಗಿಯಿತು.

ಹೆಚ್ಚಿನವರು ಬರೆಯುವುದು 5,43,216. ಅದು ಇಡೀ ಮಂಡಳಿಯ 10,86,431ರ ಅರ್ಧದ ಲೆಕ್ಕ. ಗೈರಾದವರು, ಮತ ಕೆಡಿಸಿಕೊಂಡವರು ಕೋಟಾಕ್ಕೆ ಸೇರುವುದಿಲ್ಲ. ಎರಡಕ್ಕೂ ಇರುವ ವ್ಯತ್ಯಾಸ 14,725. ಪೈಪೋಟಿ ಬಿಗಿಯಾಗಿದ್ದರೆ ಗೆದ್ದವರನ್ನು ಸೋತವರೆಂದು ಘೋಷಿಸಲು ಅಷ್ಟು ಸಾಕು. ಇದೇ ಕಾರಣಕ್ಕೆ ಮತದಾನದ ಮುಂಚೆ ಕೋಟಾ ಹೇಳುವುದು ಸಾಧ್ಯವೇ ಇಲ್ಲ. ಎಲ್ಲ ಪತ್ರಗಳನ್ನೂ ಜರಡಿ ಹಿಡಿದ ಮೇಲೆ ಸಿಗುವ ಅಂಕಿ ಅದು.

ಹಂತ 8: ಯಾರೂ ಕೋಟಾ ಮುಟ್ಟದಿದ್ದರೆ

ಎಲ್ಲರಿಗಿಂತ ಕಡಿಮೆ ಮೌಲ್ಯ ಪಡೆದವರನ್ನು ಕಣದಿಂದ ಹೊರಗಿಡಿ. ಅವರ ಪತ್ರಗಳಲ್ಲಿ ಮಾತ್ರ ಮುಂದಿನ ಪ್ರಾಶಸ್ತ್ಯ ನೋಡಿ, ಉಳಿದವರಿಗೆ ಹಂಚಿ. ಪತ್ರದ ಮೂಲ ಮೌಲ್ಯ ಹಾಗೆಯೇ ಹೋಗುತ್ತದೆ: 131 ಇದ್ದದ್ದು 131 ಆಗಿಯೇ. ಯಾರಾದರೂ ಕೋಟಾ ಮುಟ್ಟುವ ತನಕ, ಇಲ್ಲವೇ ಒಬ್ಬರೇ ಉಳಿಯುವ ತನಕ ಹೀಗೆ ಮಾಡಿ.

ಮಾತಿನಲ್ಲಿ ಹೇಳಿದರೆ ತಿಳಿಯುವುದಿಲ್ಲ. ಹಾಳೆ ತೆಗೆದುಕೊಂಡು ಮಾಡಿ. ಅಭ್ಯರ್ಥಿಗಳು ಮೂವರು: ಕ, ಗ, ಚ. ಸಂಸದರ ಮೌಲ್ಯ 700, ಕೇರಳ 152, ಕರ್ನಾಟಕ 131, ಸಿಕ್ಕಿಂ 7 ಎಂದಿರಲಿ.

ಕ ಅವರಿಗೆ 3 ಸಂಸದರು, ಕರ್ನಾಟಕದ 4 ಶಾಸಕರು: 2,100 + 524 = 2,624.

ಗ ಅವರಿಗೆ 2 ಸಂಸದರು, ಕೇರಳದ 5, ಕರ್ನಾಟಕದ 3: 1,400 + 760 + 393 = 2,553.

ಚ ಅವರಿಗೆ 1 ಸಂಸದ, ಸಿಕ್ಕಿಮಿನ 10, ಕರ್ನಾಟಕದ 2: 700 + 70 + 262 = 1,032.

ಪತ್ರಗಳನ್ನು ಎಣಿಸಿದರೆ ಕ 7, ಗ 10, ಚ 13. ಪತ್ರದ ಲೆಕ್ಕದಲ್ಲಿ ಚ ಮುಂದು, ಮೌಲ್ಯದಲ್ಲಿ ಕೊನೆ. ತರಗತಿಯಲ್ಲಿ ಇಲ್ಲಿಗೆ ಬಂದಾಗ ಅರ್ಧಕ್ಕರ್ಧ ಮಂದಿ ಕ ಅವರನ್ನು ಹೊರಗೆ ಹಾಕಿರುತ್ತಾರೆ.

ಒಟ್ಟು 6,209. ಕೋಟಾ 3,104 + 1 = 3,105. ಯಾರೂ ಮುಟ್ಟಿಲ್ಲ. ಚ ಹೊರಗೆ.

ಚ ಅವರ 13 ಪತ್ರಗಳನ್ನು ಬಿಚ್ಚಿ. ಸಂಸದರ ಎರಡನೇ ಪ್ರಾಶಸ್ತ್ಯ ಗ ಅವರಿಗೆ, 700. ಸಿಕ್ಕಿಮಿನ ಆರು ಪತ್ರಗಳು ಕ ಅವರಿಗೆ, 42. ಇನ್ನುಳಿದ ನಾಲ್ಕರಲ್ಲಿ 1 ಬಿಟ್ಟು ಬೇರೇನೂ ಬರೆದಿಲ್ಲ, 28 ಬರಿದಾಯಿತು. ಕರ್ನಾಟಕದ ಒಂದು ಕ ಅವರಿಗೆ, ಒಂದು ಗ ಅವರಿಗೆ, ತಲಾ 131.

ಕ: 2,624 + 42 + 131 = 2,797. ಗ: 2,553 + 700 + 131 = 3,384. ಕೋಟಾ ದಾಟಿತು, ಗ ಆಯ್ಕೆ. ಕ ಅವರಿಗೆ ಏಳು ಪತ್ರ ಸಿಕ್ಕವು, ಗ ಅವರಿಗೆ ಸಿಕ್ಕದ್ದು ಎರಡೇ. ಆದರೂ ಮೊದಲ ಸುತ್ತಿನಲ್ಲಿ ಹಿಂದಿದ್ದ ಗ ಗೆದ್ದರು.

ತಾಳೆ: 2,797 + 3,384 + ಬರಿದಾದ 28 = 6,209. ಪ್ರತಿ ಸುತ್ತಿನ ಕೊನೆಗೆ ಈ ಕೂಡಿಕೆ ಮೊದಲಿನ ಒಟ್ಟಿಗೆ ಸರಿಹೊಂದಲೇಬೇಕು. ಬರಿದಾದ ಪತ್ರಗಳಿಗೆ ಒಂದು ಅಂಕಣ ಇಡದವರ ಲೆಕ್ಕ ಎರಡನೇ ಸುತ್ತಿಗೇ ಕೈಕೊಡುತ್ತದೆ. 2ನ್ನು ಇಬ್ಬರಿಗೆ ಬರೆದಿದ್ದ, 2ನ್ನು ಬಿಟ್ಟು 3ಕ್ಕೆ ಹಾರಿದ್ದ ಆರನೇ ಹಂತದ ಪತ್ರಗಳೂ ಬಂದು ಸೇರುವುದು ಇದೇ ಅಂಕಣಕ್ಕೆ.

ಪದೇಪದೇ ಕಾಣುವ ತಪ್ಪುಗಳು ಮೂರು. ಹೊರಹೋದವರದ್ದಷ್ಟೇ ಅಲ್ಲದೆ ಎಲ್ಲರ ಎರಡನೇ ಪ್ರಾಶಸ್ತ್ಯಗಳನ್ನೂ ಕೂಡುವುದು. ಎರಡನೇ ಪ್ರಾಶಸ್ತ್ಯಕ್ಕೆ ಅರ್ಧ ಬೆಲೆ ಕೊಡುವುದು. ಬರಿದಾದ ಮತ ಕಳೆದು ಕೋಟಾವನ್ನು ಹೊಸದಾಗಿ ಲೆಕ್ಕ ಹಾಕುವುದು. ಕೋಟಾ ಒಮ್ಮೆ ನಿಂತರೆ ಕೊನೆಯವರೆಗೂ ಅಷ್ಟೇ.

ಕೊನೆಯ ಸ್ಥಾನದಲ್ಲಿ ಇಬ್ಬರು ಸಮನಾಗಿದ್ದರೆ ಮೊದಲ ಪ್ರಾಶಸ್ತ್ಯದಲ್ಲಿ ಕಡಿಮೆ ಪಡೆದವರು ಹೊರಗೆ. ಅದೂ ಸಮವಾದರೆ ಚೀಟಿ ಎತ್ತಬೇಕು.

ಹಂತ 9: ನಿಜವಾದ ಅಂಕಿಗಳಲ್ಲಿ ಕೈ ಪಳಗಿಸಿ

ವರ್ಗಾವಣೆಯಿಂದಲೇ ತೀರ್ಮಾನವಾದ ರಾಷ್ಟ್ರಪತಿ ಚುನಾವಣೆ ಒಂದೇ, 1969ರದ್ದು. ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ, ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ, ಸಿ.ಡಿ. ದೇಶಮುಖ್ ಸೇರಿ ಕಣದಲ್ಲಿ ಹದಿನೈದು ಜನ. ಸಿಂಧು ಮತಗಳ ಮೌಲ್ಯ 8,36,337. ಮೊದಲ ಪ್ರಾಶಸ್ತ್ಯದಲ್ಲಿ ಗಿರಿ 4,01,515, ರೆಡ್ಡಿ 3,13,548, ದೇಶಮುಖ್ 1,12,769. ಕೊನೆಯ ಎಣಿಕೆಯಲ್ಲಿ ಗಿರಿ 4,20,077, ರೆಡ್ಡಿ 4,05,427.

ನೀವೇ ಮಾಡಿ. ಕೋಟಾ 4,18,169 ಬರಬೇಕು. ಗಿರಿ ಅದನ್ನು 1,908ರಿಂದ ದಾಟಿದರು. ಕೊನೆಗೆ ಬರಿದಾಗಿ ಉಳಿದದ್ದು 10,833. ಮೊದಲ ಸುತ್ತಿನ ನಂತರ ಗಿರಿಯವರಿಗೆ ಹೆಚ್ಚುವರಿ ಬಂದದ್ದು 18,562, ರೆಡ್ಡಿಯವರಿಗೆ 91,879. ವರ್ಗಾವಣೆಯಲ್ಲಿ ಐದು ಪಟ್ಟಿಗೂ ಹತ್ತಿರ ಗಳಿಸಿದವರು ಸೋತರು. ಬರಿದಾದ ಮತಗಳಲ್ಲಿ ಎರಡನೇ, ಮೂರನೇ ಅಂಕಿಗಳಿದ್ದಿದ್ದರೆ ಎಲ್ಲಿಗೆ ಹೋಗುತ್ತಿದ್ದವೋ ಎಂದು ಆ 10,833ನ್ನು ನೋಡುತ್ತಾ ಸ್ವಲ್ಪ ಹೊತ್ತು ಕೂರಿ. 1 ಮಾತ್ರ ಕಡ್ಡಾಯ ಎಂದು ಐದನೇ ಹಂತದಲ್ಲಿ ಹೇಳಿದ್ದೇನೆ. ಆದರೂ ಇಬ್ಬರಿಗಿಂತ ಹೆಚ್ಚು ಜನ ಕಣದಲ್ಲಿದ್ದಾಗ ಕೊನೆಯವರೆಗೂ ಅಂಕಿ ಬರೆಯುವುದೇ ಸರಿ ಎನ್ನುವುದು ನನ್ನ ಅಭಿಪ್ರಾಯ.

ಮುಂದಿನ ಸಲಕ್ಕೆ

ಈಗಿನ ರಾಷ್ಟ್ರಪತಿಯವರ ಅವಧಿ 2027ರ ಜುಲೈ 24ಕ್ಕೆ ಮುಗಿಯುತ್ತದೆ, ಅಷ್ಟರೊಳಗೆ ಚುನಾವಣೆ ಮುಗಿದಿರಬೇಕು. ಅಧಿಸೂಚನೆ ಬಂದ ದಿನ ನೋಡಬೇಕಾದವು ಎರಡೇ: ಜನಗಣತಿಯ ಹೊಸ ಅಂಕಿಗಳು ಪ್ರಕಟವಾಗಿವೆಯೇ, ಯಾವ ಯಾವ ವಿಧಾನಸಭೆಗಳು ಲೆಕ್ಕಕ್ಕೆ ಬರುತ್ತವೆ. ಇವೆರಡು ಗೊತ್ತಾದರೆ ಎರಡು, ಮೂರನೇ ಹಂತಗಳನ್ನು ಅಂದೇ ಸಂಜೆ ಮುಗಿಸಬಹುದು. ಕೋಟಾದ ಸಾಲನ್ನು ಮಾತ್ರ ಎಣಿಕೆಯ ದಿನದ ತನಕ ಖಾಲಿ ಬಿಡಿ.